ಮಗ್ಗುಲಾಗಿ ಮಲಗಿ, ನಜಿಬ್ರೊಲಾ

ಕುತಾಯಿಸಿಯ ನರ್ಸಿಂಗ್ ಶಾಲೆಯಲ್ಲಿ ನಮಗೆ
ಮೊದಲು ಕೊಟ್ಟದ್ದು ಪರ್ಸಿಮನ್ ಹಣ್ಣು.
ಟೊಮೇಟೊದಂಥ ಮೈ, ಮಾಗಿದರೆ ಕೈಯಲ್ಲೇ ಕರಗುವುದು.
"ಚುಚ್ಚಿ. ಹಣ್ಣು ಅಳುವುದಿಲ್ಲ,
ಆದರೆ ಸೋರುತ್ತದೆ. ಸೋರಿದರೆ ತಪ್ಪು ನಿಮ್ಮದು,"
ಅಂದರು ಮೇಡಂ.
ಇಪ್ಪತ್ತು ಹಣ್ಣು ಸೋರಿಸಿ,
ಉಪ್ಪುನೀರಿನ ರುಚಿಯ ಅವನ್ನೇ ತಿಂದು
ಈಗ ನಿಮ್ಮ ಮಂಚದ ಪಕ್ಕ ನಿಂತಿದ್ದೇನೆ.

ನೀವೋ, ಈ ಒಂಬತ್ತು ಮಹಡಿಯ ಕಟ್ಟಡದಲ್ಲಿ
ಜನರನ್ನು ಬೆನ್ನ ಕೆಳಗಿನಿಂದಲೇ ಗುರುತು ಹಿಡಿದವರು.
ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ
ಸೀಮೆಎಣ್ಣೆ ಒಲೆಯ ಮೇಲೆ ಗಾಜಿನ ಸಿರಿಂಜು ಕುದಿಸಿ,
ತಗಡಿನ ಡಬ್ಬಿ ಕೋಟಿನೊಳಗೆ ಅವುಚಿಕೊಂಡು
ಮೆಟ್ಟಿಲು ಎಣಿಸುತ್ತ ಕತ್ತಲು ಹತ್ತಿದವರು.
ಕೂಲಿ ಎರಡು ಮೊಟ್ಟೆ. ಒಮ್ಮೆ ಅರ್ಧ ಮೇಣದಬತ್ತಿ.
ಸೂಜಿ ಮೊಂಡಾದರೆ ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜುತ್ತಿದ್ದಿರಂತೆ.
ಅಮ್ಮ ಹೇಳುತ್ತಾಳೆ:
ಚಟ್ ಎಂದು ಒಂದು ಏಟು ಬೀಳುತ್ತಿತ್ತು,
ಅದಕ್ಕೆ ಬೆಚ್ಚುವಷ್ಟರಲ್ಲಿ ಸೂಜಿ ಒಳಗೆ ಹೋಗಿ
ಹೊರಗೂ ಬಂದಿರುತ್ತಿತ್ತು.

ಈಗ ನಿಮ್ಮ ರಕ್ತವೇ ಬಿಳಿಚಿದೆ. ವಾರಕ್ಕೊಂದು ಬಿ-ಹನ್ನೆರಡು.
ಆಂಪೂಲಿನೊಳಗೆ ದಾಳಿಂಬೆ ರಸದ ಬಣ್ಣ.
ಅದರ ಹೆಸರು ಮೂರು ಸಲ ಓದುತ್ತೇನೆ:
ಎತ್ತಿಕೊಳ್ಳುವಾಗ, ತುಂಬುವಾಗ, ನಿಮ್ಮೆದುರಿಗೆ ಇನ್ನೊಮ್ಮೆ.
"ಪ್ರಾರ್ಥನೆಯೇನೆ ಅದು?" ಎಂದು ಗೊಣಗುತ್ತೀರಿ.
ಅದರ ಕತ್ತು ಬಟ್ಟೆಯಲ್ಲಿ ಹಿಡಿದು
ನನ್ನಿಂದಾಚೆಗೆ ಮುರಿಯುತ್ತೇನೆ, ಟಕ್.

"ಬೋರಲು ಮಲಗಲೇ?" ಎಂದಿರಿ, ಆಗಲೇ ಲಂಗ ಸಡಿಲಿಸುತ್ತ.
"ಕುಂಡೆಯ ಮೇಲೆ ಒಂದು ಶಿಲುಬೆ ಬರಿ, ಮನಸ್ಸಿನಲ್ಲೇ.
ಮೇಲಿನ, ಹೊರಗಿನ ಕಾಲುಭಾಗ. ಅಷ್ಟೇ ವಿದ್ಯೆ."
ಬೇಡ, ಅಂದೆ. ಮಗ್ಗುಲಾಗಿ ಮಲಗಿ, ನಜಿಬ್ರೊಲಾ.
ಈಗ ನಾವು ಅಲ್ಲಿ ಕೊಡುವುದಿಲ್ಲ.
ಯಾಕೆ ಎಂದು ನೀವು ಕೇಳಲಿಲ್ಲ.
ಗೋಡೆಯ ಕಡೆ ಮುಖ ಮಾಡಿದಿರಿ.

ಓದಿದ್ದೆ: ಹೆಬ್ಬೆರಳ ದಪ್ಪದ ನರವೊಂದು
ಅಲ್ಲೇ ಇಳಿಯುತ್ತದೆ, ಪಾದದ ಕಡೆಗೆ.
ಎಲ್ಲರ ಮೈಯಲ್ಲೂ ಅದೇ ದಾರಿ ಹಿಡಿಯುವುದಿಲ್ಲ.
ಓದುವಾಗ ನೆನಪಾದವನು
ಬಸ್ ನಿಲ್ದಾಣದ ಗೋಚಾ, ಬೂಟು ರಿಪೇರಿಯವನು,
ಊರಿನ ಬೂಟೆಲ್ಲ ಹೊಲಿದೂ
ತನ್ನ ಎಡಬೂಟಿನ ಮುಂದುದಿ ಸದಾ ಸವೆದಿರುವವನು.
ಮತ್ತೆ ನೀವು,
ಮನೆ ಬಿಟ್ಟು ಹೊರಡದಿದ್ದರೂ
ವರ್ಷಕ್ಕೆರಡು ಸಲ ಬೂಟಿಗೆ ಅಟ್ಟೆ ಹಾಕಿಸುವವರು.

ಗೋಡೆಗೆ ಹೇಳಿದಿರಿ:
"ಮೇಣದಬತ್ತಿ ಆರಿತು. ಹುಡುಗ ಕೊಸರಿದ.
ಆರು ವರ್ಷ. ಆಗ ಯಾರ ಮೈಯಲ್ಲಿತ್ತು ಮಾಂಸ."
ಸ್ವಲ್ಪ ಹೊತ್ತು ಬಿಟ್ಟು,
"ಜ್ವರವೇನೋ ಇಳಿಯಿತು."

ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.
ಕೈಗೆ ತಿಳಿದಿತ್ತು.
ಅಂಗೈ ತೊಡೆಮೂಳೆಯ ಗುಬುಟಿನ ಮೇಲೆ,
ತೋರುಬೆರಳು ಸೊಂಟದ ಮೂಳೆಯ ಮುಂದುದಿಗೆ,
ನಡುಬೆರಳು ಹಿಂದಕ್ಕೆ, ಮರಿಹಕ್ಕಿ ಕೊಕ್ಕು ತೆರೆದಂತೆ.
ಆ ಕೊಕ್ಕಿನ ನಡುವೆ ಒಂದು ಚುಕ್ಕೆ.
ಸ್ಪಿರಿಟ್ ಒರೆಸಿ, ಆರುವವರೆಗೆ ಕಾದು,
ಚರ್ಮವನ್ನು ಬೆರಳಗಲ ಬದಿಗೆಳೆದು
ನೆಟ್ಟಗೆ.
ಏಟು ಹಾಕಲಿಲ್ಲ.
ಒಂದು ಮಿಲಿಗೆ ಹತ್ತು ಎಣಿಕೆ,
ಆಮೇಲೂ ಹತ್ತು, ಸೂಜಿ ಒಳಗಿರುವಂತೆಯೇ.
ನೀವೂ ಎಣಿಸುತ್ತಿದ್ದಿರಿ, ತುಟಿಯೊಳಗೆ,
ಎರ್ತಿ, ಓರಿ, ಸಾಮಿ,
ನನಗಿಂತ ನಿಧಾನವಾಗಿ.
ಸೂಜಿ ತೆಗೆದು ಚರ್ಮ ಬಿಟ್ಟೆ.
ಹೊರಬಾಗಿಲು ಒಂದು ಕಡೆ ಸರಿಯಿತು, ಒಳದಾರಿ ಇನ್ನೊಂದು ಕಡೆ.
ಒಳಹೋದದ್ದು ಇನ್ನು ತಿರುಗಿ ಬರದು.

ಉಜ್ಜಲು ಕೈ ಚಾಚಿದಿರಿ. ಉಜ್ಜಬಾರದು, ಅಂದೆ.
"ಉಜ್ಜಲೂಬಾರದಾ."
ಕೈ ಗಾಳಿಯಲ್ಲೇ ನಿಂತಿತು.

ಹೊರಟಾಗ ಎರಡು ಮೊಟ್ಟೆ ಕೊಟ್ಟಿರಿ, ಜೊತೆಗೊಂದು ಚೀಲ.
"ಬಸ್ಸಿಗೆ ಹೋಗುವ ದಾರಿಯಲ್ಲೇ ಇದ್ದಾನೆ. ಅಟ್ಟೆ ಹಾಕಲಿ."
ಮೆಟ್ಟಿಲ ಬೆಳಕಿನಲ್ಲಿ ಬೂಟು ತಿರುಗಿಸಿ ನೋಡಿದೆ.
ಹೋದ ತಿಂಗಳ ಅಟ್ಟೆ.
ಮೊಳೆಗಳ ತಲೆ ಇನ್ನೂ ಹೊಳೆಯುತ್ತಿತ್ತು.